ಮೂರು ಸೆಂಟಿನ ತೆರಿಗೆಯಿಂದ ಬಾಡಿಗೆ ಚೀಟಿಯವರೆಗೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಕಲ್ಲಿದ್ದಲಿನ ಗುಡ್ಡಗಳ ನಡುವೆ ಹೇಝಲ್ಟನ್ ಎಂಬ ಊರಿದೆ. ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು ಜನ. 2000ದ ಜನಗಣತಿಯಲ್ಲಿ ಸುಮಾರು 23 ಸಾವಿರ. ಈ ಊರಿನ ನಗರಸಭೆ 2006ರ ಜುಲೈ 13ರಂದು ಒಂದು ಕಟ್ಟಳೆಯನ್ನು ಅಂಗೀಕರಿಸಿತು. ಅಕ್ರಮ ವಲಸಿಗರಿಗೆ ಮನೆ ಬಾಡಿಗೆಗೆ ಕೊಟ್ಟ ಮಾಲೀಕನಿಗೆ ದಿನಕ್ಕೆ ಸಾವಿರ ಡಾಲರ್ ದಂಡ. ಅವರಿಗೆ ಕೆಲಸ ಕೊಟ್ಟ ಅಂಗಡಿ, ಕಾರ್ಖಾನೆಗಳ ವ್ಯಾಪಾರ ಪರವಾನಗಿ ರದ್ದು. ನಗರಸಭೆಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ಮಾತ್ರ. ಜೊತೆಗೆ ಬಂದ ಇನ್ನೊಂದು ಕಟ್ಟಳೆಯ ಪ್ರಕಾರ, ಬಾಡಿಗೆ ಮನೆ ಬೇಕಾದವರು ತಮ್ಮ ಪೌರತ್ವದ ಅಥವಾ ಕಾನೂನುಬದ್ಧ ವಾಸದ ದಾಖಲೆಯನ್ನು ನಗರಸಭೆಗೆ ತೋರಿಸಿ, ಹತ್ತು ಡಾಲರ್ ಕಟ್ಟಿ, ವಾಸದ ಚೀಟಿ ಪಡೆಯಬೇಕು.

ವಲಸೆಯ ಕಾನೂನು ಮಾಡುವುದು ವಾಷಿಂಗ್ಟನ್ನಿನ ಕೆಲಸ, ಗಡಿ ಕಾಯುವುದೂ ವಾಷಿಂಗ್ಟನ್ನಿನ ಕೆಲಸ. ಒಂದು ನಗರಸಭೆಯ ಕೈಯಲ್ಲಿ ಇರುವುದೇನು? ಮನೆ ಪರವಾನಗಿ, ಅಂಗಡಿ ಪರವಾನಗಿ, ದಂಡದ ರಸೀತಿ. ಕೈಯಲ್ಲಿ ಇದ್ದದ್ದನ್ನೇ ಹೇಝಲ್ಟನ್ ಬೀಸಿತು. ಅಲ್ಲಿಂದ ಮುಂದೆ ಎಂಟು ವರ್ಷ ನಡೆದ ವ್ಯಾಜ್ಯವೇ ಇಂದಿನ ನನ್ನ ವಿಷಯ.

ಊರಿನ ಮೇಯರ್ ಲೂ ಬಾರ್ಲೆಟ್ಟಾ. ಇಟಲಿಯಿಂದ ವಲಸೆ ಬಂದ ಕುಟುಂಬದ ಕುಡಿ. ಆ ಊರಿನ ಅರ್ಧಕ್ಕರ್ಧ ಮನೆತನಗಳ ಕಥೆ ಹಾಗೆಯೇ: ಅಜ್ಜನೋ ಮುತ್ತಜ್ಜನೋ ಐರ್ಲೆಂಡ್, ವೇಲ್ಸ್, ಪೋಲೆಂಡ್, ಸ್ಲೊವಾಕಿಯಾ, ಇಟಲಿಗಳಿಂದ ಗಣಿ ಅಗೆಯಲು ಬಂದವರು. ಗಣಿಗಳು ಮುಚ್ಚಿದ ಮೇಲೆ ಊರು ದಶಕಗಳ ಕಾಲ ಸೊರಗಿತು. ಮಕ್ಕಳು ಓದಿ ಬೇರೆಡೆ ಹೋದರು. ಊರಿನ ಮುಖಂಡರು ಕೈಗಾರಿಕಾ ವಸಾಹತುಗಳನ್ನು ಕಟ್ಟಿದರು, ರಾಜ್ಯ ತೆರಿಗೆ ವಿನಾಯಿತಿ ಕೊಟ್ಟಿತು, ಉಗ್ರಾಣಗಳೂ ಮಾಂಸದ ಕಾರ್ಖಾನೆಯೂ ಬಂದವು. ಕೆಲಸವಿದ್ದಲ್ಲಿಗೆ ಜನ ಬರುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕ್, ನ್ಯೂಜೆರ್ಸಿಗಳ ದುಬಾರಿ ಬದುಕು ಸಾಕೆಂದು ಡೊಮಿನಿಕನ್ ಮೂಲದ ಕುಟುಂಬಗಳು ಇತ್ತ ಬರತೊಡಗಿದವು. 2000ದಲ್ಲಿ ಊರಿನ ಶೇಕಡಾ ಐದರಷ್ಟಿದ್ದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನ 2010ರ ಹೊತ್ತಿಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾದರು. ಅವರಲ್ಲಿ ಬಹಳ ಮಂದಿ ಅಮೆರಿಕದ ಪೌರರೇ ಅಥವಾ ಕಾನೂನುಬದ್ಧ ನಿವಾಸಿಗಳೇ. ಅಮೆರಿಕದ ಅಧೀನದ ದ್ವೀಪವಾದ ಪೋರ್ಟೊ ರಿಕೊದವರಂತೂ ಹುಟ್ಟಿನಿಂದಲೇ ಪೌರರು. ಆದರೆ ಬೀದಿಯಲ್ಲಿ ಸ್ಪ್ಯಾನಿಷ್ ಕೇಳಿದವರಿಗೆ ಈ ವ್ಯತ್ಯಾಸಗಳೆಲ್ಲ ಕಾಣುತ್ತವೆಯೇ?

2006ರ ಮೇ ತಿಂಗಳಲ್ಲಿ ಊರಿನ ಯುವಕನೊಬ್ಬ ಗುಂಡಿಗೆ ಬಲಿಯಾದ. ಬಂಧಿತರಾದ ಇಬ್ಬರ ಬಳಿ ವಾಸದ ದಾಖಲೆ ಇರಲಿಲ್ಲ. ಊರು ಕುದಿಯಿತು, ಎರಡೇ ತಿಂಗಳಲ್ಲಿ ಕಟ್ಟಳೆ ಸಿದ್ಧವಾಯಿತು. ಮರುವರ್ಷ ಆ ಇಬ್ಬರ ಮೇಲಿನ ಕೊಲೆ ಆರೋಪವನ್ನು ಸರ್ಕಾರಿ ವಕೀಲರು ಕೈಬಿಟ್ಟರು. ಅಷ್ಟರಲ್ಲಿ ಬಾರ್ಲೆಟ್ಟಾ ದೇಶಕ್ಕೆಲ್ಲ ಪರಿಚಿತ ಮುಖವಾಗಿದ್ದರು.

ವಲಸಿಗರ ಖರ್ಚು ಊರಿಗೆ ಭಾರ ಎಂಬ ಮೇಯರ್ ಅವರ ದೂರು ಪೂರ್ತಿ ಪೊಳ್ಳು ಎಂದು ನಾನು ಹೇಳುವುದಿಲ್ಲ. ದುಡಿಯುವವನ ಆದಾಯ ತೆರಿಗೆಯ ದೊಡ್ಡ ಪಾಲು ವಾಷಿಂಗ್ಟನ್ನಿಗೆ ಹೋಗುತ್ತದೆ. ಪೊಲೀಸು, ಕಸ, ಶಾಲೆಯ ಖರ್ಚು ಮಾತ್ರ ಊರಿನ ಹೆಗಲ ಮೇಲೆ ಬೀಳುತ್ತದೆ. ಮೇಲಿನವರು ದಶಕಗಟ್ಟಲೆ ಕಾನೂನು ತಿದ್ದದೆ ಕುಳಿತಾಗ ಕೆಳಗಿನವರಿಗೆ ಸಿಟ್ಟು ಬರುವುದು ಸಹಜ. ನನ್ನ ತಕರಾರು ಆ ಸಿಟ್ಟಿನ ಮೇಲಲ್ಲ, ಅದು ಹಿಡಿದ ದಾರಿಯ ಮೇಲೆ. ಪೆನ್ಸಿಲ್ವೇನಿಯಾ ಇದೇ ದಾರಿಯಲ್ಲಿ ಹಿಂದೆ ಎರಡು ಬಾರಿ ನಡೆದು ಎಡವಿತ್ತು.

ಮೊದಲನೆಯದು 1897ರಲ್ಲಿ. ಪೌರತ್ವ ಪಡೆಯದ ಪ್ರತಿ ಕೂಲಿಯವನ ಲೆಕ್ಕದಲ್ಲಿ ಗಣಿ ಮಾಲೀಕ ದಿನಕ್ಕೆ ಮೂರು ಸೆಂಟು ತೆರಿಗೆ ಕಟ್ಟಬೇಕು ಎಂದು ರಾಜ್ಯ ಕಾನೂನು ಮಾಡಿತು. ಮಾಲೀಕರು ಕೈಯಿಂದ ಕಟ್ಟುವರೇ? ಕೂಲಿಯಲ್ಲೇ ಮುರಿದುಕೊಂಡರು. ಈಗಾಗಲೇ ಕಂಪನಿ ಅಂಗಡಿಯ ಸಾಲದಲ್ಲಿ, ಕಂಪನಿ ಮನೆಯ ಬಾಡಿಗೆಯಲ್ಲಿ ಸಿಕ್ಕಿಕೊಂಡಿದ್ದ, ಪೂರ್ವ ಯುರೋಪಿನಿಂದ ಬಂದ ಸ್ಲಾವ್ ಗಣಿಗಾರರಿಗೆ ಆ ಮೂರು ಸೆಂಟು ಕೊನೆಯ ಹೊರೆಯಾಯಿತು. ಇದೂ ಸೇರಿ ಹಲವು ಕಾರಣಗಳಿಂದ ಮುಷ್ಕರ ಹಬ್ಬಿತು. ಸೆಪ್ಟೆಂಬರ್ 10ರಂದು ಕೆಲವು ನೂರು ಕಾರ್ಮಿಕರು ಹೇಝಲ್ಟನ್ ಪಕ್ಕದ ಲ್ಯಾಟಿಮರ್ ಗಣಿಯತ್ತ ಮೆರವಣಿಗೆ ಹೊರಟರು. ಕೈಯಲ್ಲಿ ಆಯುಧವಿರಲಿಲ್ಲ, ಅಮೆರಿಕದ ಬಾವುಟವಿತ್ತು. ಶೆರಿಫ್, ಅಂದರೆ ಅಲ್ಲಿನ ಕಾನೂನು ಪಾಲನೆಯ ಮುಖ್ಯಾಧಿಕಾರಿ, ಜೇಮ್ಸ್ ಮಾರ್ಟಿನ್ ಮತ್ತು ಅವನ ಪಡೆ ಗುಂಡು ಹಾರಿಸಿತು. 19 ಮಂದಿ ಸತ್ತರು. ಹಲವರಿಗೆ ಗುಂಡು ಬಿದ್ದದ್ದು ಬೆನ್ನಿಗೆ, ಅಂದರೆ ಓಡುವಾಗ. ಮರುವರ್ಷ ಜ್ಯೂರಿ ಶೆರಿಫನನ್ನೂ ಅವನ ಪಡೆಯನ್ನೂ ಬಿಡುಗಡೆ ಮಾಡಿತು. ಆ ಮೂರು ಸೆಂಟಿನ ತೆರಿಗೆಯೋ, ಸಂವಿಧಾನಕ್ಕೆ ವಿರುದ್ಧವೆಂದು 1897ರಲ್ಲೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು.

ಎರಡನೆಯದು 1939ರಲ್ಲಿ. ಪರದೇಶೀಯರು ಪ್ರತಿ ವರ್ಷ ಹೆಸರು ನೋಂದಾಯಿಸಿ, ಒಂದು ಡಾಲರ್ ಕಟ್ಟಿ, ಗುರುತಿನ ಚೀಟಿಯನ್ನು ಸದಾ ಜೇಬಿನಲ್ಲಿಟ್ಟುಕೊಂಡು, ಪೊಲೀಸರು ಕೇಳಿದಾಗ ತೋರಿಸಬೇಕು ಎಂದಿತು ಪೆನ್ಸಿಲ್ವೇನಿಯಾ. ಮರುವರ್ಷ ಅಮೆರಿಕದ ಸಂಸತ್ತೇ ಪರದೇಶೀಯರ ನೋಂದಣಿಗೆ ಕಾನೂನು ತಂದಿತು. 1941ರಲ್ಲಿ ಸುಪ್ರೀಂ ಕೋರ್ಟು, ಪರದೇಶೀಯರ ಸಂಬಂಧದಲ್ಲಿ ರಾಷ್ಟ್ರ ಒಂದು ಸಮಗ್ರ ವ್ಯವಸ್ಥೆ ಮಾಡಿರುವಾಗ ರಾಜ್ಯವು ಅದರ ಮೇಲೆ ತನ್ನದೊಂದನ್ನು ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಇಂದಿಗೂ ವಕೀಲರು ಮೊದಲು ತೆರೆಯುವ ತೀರ್ಪುಗಳಲ್ಲಿ ಅದೂ ಒಂದು.

ಇಷ್ಟೆಲ್ಲ ಆದ ನೆಲದಲ್ಲಿಯೇ 2006ರ ಕಟ್ಟಳೆ ಹುಟ್ಟಿತು. ಅದಕ್ಕೆ ತಡೆ ಕೋರಿ ಬಾಡಿಗೆದಾರರು, ಮನೆ ಮಾಲೀಕರು, ನಾಗರಿಕ ಹಕ್ಕುಗಳ ಸಂಘಟನೆಗಳು ಕೋರ್ಟಿಗೆ ಹೋದರು. 2007ರ ಮಾರ್ಚಿನಲ್ಲಿ ಸ್ಕ್ರ್ಯಾಂಟನ್ ನಗರದಲ್ಲಿ ವಿಚಾರಣೆ ನಡೆಯಿತು. ಊರಿನಲ್ಲಿ ಅಕ್ರಮ ವಲಸಿಗರು ಎಷ್ಟಿದ್ದಾರೆ ಎಂದು ಕೇಳಿದಾಗ ಮೇಯರ್ ಬಳಿ ಉತ್ತರವಿರಲಿಲ್ಲ. ಕಾನೂನು ಮಾಡಿ ಆಗಿತ್ತು, ಎಣಿಕೆ ಮಾಡಿರಲಿಲ್ಲ! ಜುಲೈ 26ರಂದು ನ್ಯಾಯಾಧೀಶ ಜೇಮ್ಸ್ ಮನ್ಲಿ ಅವರು 206 ಪುಟಗಳ ತೀರ್ಪು ಬರೆದು ಕಟ್ಟಳೆಯನ್ನು ರದ್ದುಪಡಿಸಿದರು. ಕೇಂದ್ರದ ನಿಷ್ಕ್ರಿಯತೆಯ ಬಗ್ಗೆ ನಗರಕ್ಕೆ ಎಷ್ಟೇ ಬೇಸರವಿರಲಿ, ಕೇಂದ್ರ ರೂಪಿಸಿದ ಕಾನೂನಿನ ಏರ್ಪಾಡನ್ನು ಅದು ಕದಡುವಂತಿಲ್ಲ ಎಂಬುದು ಅದರ ಸಾರ. ದಾಖಲೆ ಇಲ್ಲದವನಿಗೂ ಸಂವಿಧಾನದ ರಕ್ಷಣೆ ಇದೆ ಎಂಬ ಮಾತೂ ಅದರಲ್ಲಿತ್ತು.

ನಗರ ಮೇಲ್ಮನವಿ ಹಾಕಿತು, 2010ರಲ್ಲಿ ಸೋತಿತು. ಆಗ ಅರಿಜೋನಾ ರಾಜ್ಯದಿಂದ ಒಂದು ತಿರುವು ಬಂತು. ಕೇಂದ್ರದ 1986ರ ವಲಸೆ ಕಾನೂನು, ಅಕ್ರಮ ವಲಸಿಗರನ್ನು ಕೆಲಸಕ್ಕಿಟ್ಟುಕೊಂಡವರಿಗೆ ರಾಜ್ಯಗಳು ದಂಡ ಹಾಕಬಾರದು ಎನ್ನುತ್ತದೆ, ಆದರೆ ಆವರಣ ಚಿಹ್ನೆಯೊಳಗೆ ಪರವಾನಗಿ ಕಾನೂನುಗಳನ್ನು ಹೊರತುಪಡಿಸಿ ಎಂದೂ ಸೇರಿಸುತ್ತದೆ. ಆವರಣ ಚಿಹ್ನೆಯೊಳಗಿನ ಆ ನಾಲ್ಕು ಮಾತುಗಳನ್ನು ಹಿಡಿದು ಅರಿಜೋನಾ ಮಾಡಿದ್ದ, ಪರವಾನಗಿ ರದ್ದು ಮಾಡುವ ಕಾನೂನನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು. ಹೇಝಲ್ಟನ್ ಪ್ರಕರಣವನ್ನೂ ಮರುಪರಿಶೀಲನೆಗೆ ಕಳುಹಿಸಿತು. ಮೇಯರ್ ಕಡೆಯವರಿಗೆ ಉಸಿರು ಬಂತು. ಆದರೆ ಮರುವರ್ಷ ಅದೇ ಅರಿಜೋನಾದ ಇನ್ನೊಂದು ಕಾನೂನಿನ ಬಹುಭಾಗವನ್ನು ಅದೇ ಕೋರ್ಟು ತಳ್ಳಿಹಾಕಿತು. 2013ರಲ್ಲಿ ಹೇಝಲ್ಟನ್ ಮತ್ತೆ ಸೋತಿತು. 2014ರ ಮಾರ್ಚ್ 3ರಂದು ಸುಪ್ರೀಂ ಕೋರ್ಟು ಅರ್ಜಿ ಕೈಗೆತ್ತಿಕೊಳ್ಳಲು ನಿರಾಕರಿಸಿತು. ಕಟ್ಟಳೆ ಒಂದು ದಿನವೂ ಜಾರಿಯಾಗಲಿಲ್ಲ. ಎದುರುಪಕ್ಷದ ವಕೀಲರ ಖರ್ಚೆಂದು ಸುಮಾರು 14 ಲಕ್ಷ ಡಾಲರ್ ಕಟ್ಟುವಂತೆ 2015ರಲ್ಲಿ ನಗರಕ್ಕೆ ಆದೇಶವಾಯಿತು. ಹಣವಿಲ್ಲವೆಂದು ಕಟ್ಟಳೆ ಮಾಡಿದ ಊರು ಅದು. ಬಾರ್ಲೆಟ್ಟಾ ಅವರಿಗೆ ಮಾತ್ರ ನಷ್ಟವಾಗಲಿಲ್ಲ. ಹಿಂದೆ ಎರಡು ಬಾರಿ ಸೋತಿದ್ದ ಸಂಸತ್ ಸ್ಥಾನವನ್ನು 2010ರಲ್ಲಿ ಗೆದ್ದರು.

ಇಂತಹ ಕಟ್ಟಳೆಯ ನಿಜವಾದ ತೊಡಕು ಕೋರ್ಟಿನಲ್ಲಲ್ಲ, ಮನೆಯ ಹೊಸ್ತಿಲಲ್ಲಿದೆ ಎಂಬುದು ನನ್ನ ಅನಿಸಿಕೆ. ಬಾಡಿಗೆ ಕೊಡುವವನಿಗೆ ವಲಸೆ ಕಾನೂನು ಗೊತ್ತಿಲ್ಲ. ದಿನಕ್ಕೆ ಸಾವಿರ ಡಾಲರ್ ದಂಡದ ಭಯ ಮಾತ್ರ ಗೊತ್ತು. ಅವನೇನು ಮಾಡುತ್ತಾನೆ? ಕಾಗದ ನೋಡುವ ಮೊದಲೇ ಮೈಬಣ್ಣ ನೋಡುತ್ತಾನೆ, ಮಾತಿನ ಧಾಟಿ ಕೇಳುತ್ತಾನೆ, ಮನೆ ಖಾಲಿ ಇಲ್ಲ ಎನ್ನುತ್ತಾನೆ. ನಮ್ಮಲ್ಲಿಯೂ ಪೌರತ್ವ, ಪರದೇಶೀಯರು, ಗಡೀಪಾರು ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ ವಿಷಯಗಳು. ಹಾಗಿದ್ದೂ 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶೀಯರಿದ್ದಾರೆ ಎಂಬ ಅನುಮಾನದ ಮೇಲೆ ಶೆಡ್ಡುಗಳನ್ನು ನೆಲಸಮ ಮಾಡಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರದವರಿದ್ದರು, ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು.

ಹೇಝಲ್ಟನ್ ಮಾದರಿಯನ್ನು ಅಮೆರಿಕದ ಹಲವು ಊರುಗಳು ನಕಲು ಮಾಡಿದವು. ನ್ಯೂಜೆರ್ಸಿಯ ರಿವರ್‌ಸೈಡ್ ಎಂಬ ಪುಟ್ಟ ಊರಿನಲ್ಲಿ ಕಟ್ಟಳೆ ಬಂದದ್ದೇ ತಡ, ಬ್ರೆಜಿಲಿನ ಕುಟುಂಬಗಳು ಗಂಟುಮೂಟೆ ಕಟ್ಟಿದವು, ಪೇಟೆಯ ಅಂಗಡಿಗಳು ಮುಚ್ಚಿದವು. ಒಂದು ವರ್ಷ ಕಳೆಯುತ್ತಲೇ ನಗರಸಭೆಯೇ ಅದನ್ನು ಹಿಂದಕ್ಕೆ ಪಡೆಯಿತು. ಟೆಕ್ಸಸ್‌ನ ಫಾರ್ಮರ್ಸ್ ಬ್ರಾಂಚ್ ಜಗ್ಗಲಿಲ್ಲ. ಜನಮತದಲ್ಲಿ ಗೆದ್ದು, ಕೋರ್ಟಿನಲ್ಲಿ ಸೋತು, ಹೇಝಲ್ಟನ್ ಅರ್ಜಿ ಬಿದ್ದ ದಿನವೇ ತಾನೂ ಬಿತ್ತು. ಆ ವೇಳೆಗೆ ಅದರ ವ್ಯಾಜ್ಯದ ಖರ್ಚು ಹತ್ತಾರು ಲಕ್ಷ ಡಾಲರ್ ಆಗಿತ್ತು.

ಗೆದ್ದ ಊರೂ ಒಂದಿದೆ, ನೆಬ್ರಾಸ್ಕಾ ರಾಜ್ಯದ ಫ್ರೀಮಾಂಟ್. 2010ರ ಜೂನಿನಲ್ಲಿ ಅಲ್ಲಿನ ಮತದಾರರು ಶೇಕಡಾ 57ರ ಬಹುಮತದಿಂದ ಇಂತಹುದೇ ಕಟ್ಟಳೆಯನ್ನು ಒಪ್ಪಿದರು. 2013ರಲ್ಲಿ ಆ ಭಾಗದ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮರುವರ್ಷದ ಮತದಾನದಲ್ಲೂ ಅದು ಉಳಿಯಿತು. ಅಲ್ಲಿ ಬಾಡಿಗೆ ಮನೆಗೆ ಹೋಗುವವರು ಐದು ಡಾಲರ್ ಕಟ್ಟಿ ಪರವಾನಗಿ ಪಡೆಯಬೇಕು. ಆದರೆ ಜನ ಕೆಲಸಕ್ಕೆಂದು ಬರುವ ದೊಡ್ಡ ಹಂದಿಮಾಂಸ ಕಾರ್ಖಾನೆ ಇರುವುದು ನಗರದ ಎಲ್ಲೆಯಿಂದ ಹೊರಗೆ. ಕಟ್ಟಳೆ ಅದನ್ನು ಮುಟ್ಟುವುದಿಲ್ಲ. 2019ರಲ್ಲಿ ಊರಿನ ಅಂಚಿನಲ್ಲಿ ಕೋಳಿಮಾಂಸದ ಇನ್ನೊಂದು ದೊಡ್ಡ ಕಾರ್ಖಾನೆಯೂ ಶುರುವಾಯಿತು. ಅದಕ್ಕೂ ನೂರಾರು ಕೈಗಳು ಬೇಕಾದವು.

ನಮಸ್ಕಾರ.