ಮೊದಲು ಕಣ್ಣಿ ಬಿಚ್ಚಿ

ರೈತ ಬಾಂಧವರಿಗೆ, ತಾಯಂದಿರಿಗೆ ನಮಸ್ಕಾರ. ನೆರೆ ಬಂದಾಗ ಸಂತ್ರಸ್ತರು, ಜಾನುವಾರು, ಕಾಡುಪ್ರಾಣಿ, ಆಮೇಲೆ ಪರಿಸರ, ಇಷ್ಟರ ಬಗ್ಗೆ ಮಾತಾಡಿ ಅಂತ ರೇಡಿಯೋದವರು ನನ್ನನ್ನು ಕರೆದಿದ್ದಾರೆ. ಇರುವುದು ಕೆಲವೇ ನಿಮಿಷ. ನಾನು ದನದ ಡಾಕ್ಟರು, ಹೇಳುವುದು ಒಂದೇ ಮಾತು. ಹೊಳೆ ಏರುತ್ತಿದೆ ಅಂತ ಡಂಗುರ ಕೇಳಿದ ಕೂಡಲೇ ದನ ಕಟ್ಟಿದ ಕಣ್ಣಿ ಬಿಚ್ಚಿ.

ಎಮ್ಮೆಗೆ ಈಜು ಯಾರೂ ಕಲಿಸಬೇಕಾಗಿಲ್ಲ. ಆಕಳೂ ಈಜುತ್ತದೆ. ಆದರೆ ಗೂಟಕ್ಕೆ ಕಟ್ಟಿದ ಮೇಲೆ ಈಜು ಬಂದರೆಷ್ಟು, ಬಿಟ್ಟರೆಷ್ಟು?

2019ರ ಆಗಸ್ಟ್ ನೆನಪಿದೆ ಅಲ್ವಾ? ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದ್ದವು. ಘಟಪ್ರಭೆ ದಂಡೆಯ ಒಂದು ಊರಿನ ಕಾಳಜಿ ಕೇಂದ್ರಕ್ಕೆ ಹೋಗಿದ್ದೆ. ಶಾಲೆಯ ಕಟ್ಟೆ ಮೇಲೆ ಒಬ್ಬ ಆಯಿ ಕೂತಿದ್ದರು. ಮುಂದಿನ ಅನ್ನ ಸಾರು ಆರಿಹೋಗಿತ್ತು. ಅಡುಗೆಯವರು ಬೈದೂ ನೋಡಿದ್ದರು, ಬೇಡಿಕೊಂಡೂ ನೋಡಿದ್ದರು. ನಾನು ಪಕ್ಕದಲ್ಲಿ ಕೂತೆ.

“ಆಯೀ, ಒಂದ್ ತುತ್ತರ ತಿನ್ನು.”

“ಮೂರು ಎಮ್ಮಿ ಇದ್ದೂರಿ ಡಾಕ್ಟ್ರ. ಎರಡು ಬಿಚ್ಚಿದೆ. ಮೂರನೇದರ ಗಂಟು ನೀರಾಗ ಬಿಗದು ಕುಂತಿತ್ರಿ. ಹಲ್ಲೀಲೆ ಜಗ್ಗಿದೆ. ಬಿಚ್ಚಲಿಲ್ಲ.”

ಅಷ್ಟರಲ್ಲಿ ಹುಡುಗರು ಬಂದು ಅವರನ್ನು ಎತ್ತಿಕೊಂಡು ದೋಣಿಗೆ ಹಾಕಿದ್ದರು. ಎಮ್ಮೆ ಒದರಿದ್ದು ದೋಣಿಯ ತನಕ ಕೇಳಿಸಿತಂತೆ.

ಐದನೇ ದಿನ ನೀರು ಇಳಿಯಿತು. ಆಯಿಯ ಜೊತೆ ನಾನೂ ಹೋದೆ. ಬಿಚ್ಚಿದ ಎರಡೂ ಎಮ್ಮೆ ತಾವೇ ಮನೆಗೆ ಬಂದು ಕೆಸರಲ್ಲಿ ನಿಂತಿದ್ದವು, ಮೈತುಂಬ ಕಬ್ಬಿನ ರವದಿ. ಮೂರನೆಯದು ಗೂಟದ ಹತ್ತಿರವೇ ಇತ್ತು. ಪರಿಹಾರಕ್ಕೆ ಕಾಗದ ಬರೆಯುವುದು ನನ್ನ ಕೆಲಸ. ವಯಸ್ಸು ಎಷ್ಟು, ಎಷ್ಟನೇ ಸೂಲು ಅಂತ ಕೇಳಿದೆ. ಆಯಿ ಅದರ ಹೆಸರು ಹೇಳಿದರು. ಹೆಸರು ಬರೆಯಲು ಆ ಕಾಗದದಲ್ಲಿ ಜಾಗ ಇರಲಿಲ್ಲ. ಸಾವಿನ ಕಾರಣ ‘ಪ್ರವಾಹ’ ಅಂತ ಬರೆದೆ. ಸುಳ್ಳು ಬರೆದೆ ಅಂತ ಇವತ್ತಿಗೂ ಅನಿಸುತ್ತದೆ. ಕಾರಣ ಗಂಟು.

ಅದಕ್ಕೇ ಹೇಳುತ್ತೇನೆ. ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಕೊಟ್ಟಿಗೆ ಬಾಗಿಲಲ್ಲಿ ಒಂದು ಕುಡುಗೋಲು ಸಿಕ್ಕಿಸಿಡಿ. ಹಗ್ಗ ಹೋದರೆ ಹೋಗಲಿ, ಸಂತೆಯಲ್ಲಿ ಸಿಗುತ್ತದೆ. ಇನ್ನೊಂದು, ಕಾಳಜಿ ಕೇಂದ್ರ ನಡೆಸುವವರಿಗೆ. “ದನದ ಚಿಂತೆ ಬಿಡಿ, ಜೀವ ಉಳೀತಲ್ಲ” ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಅನ್ನದ ಜೊತೆ ನಾಲ್ಕು ಹೊರೆ ಮೇವೂ ತರಿಸಿ. ಆಗ ನೋಡಿ, ಜನ ತಾವಾಗಿ ಊಟಕ್ಕೆ ಕೂರುತ್ತಾರೆ.

ಅಯ್ಯೋ, ಸಮಯ ಮುಗಿಯುತ್ತಿದೆ ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಕಾಡುಪ್ರಾಣಿ ವಿಷಯ ಬೇಗ ಹೇಳಿಬಿಡುತ್ತೇನೆ. ಅದೇ ನೆರೆಯಲ್ಲಿ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯ ಚಾವಣಿ ಮೇಲೆ ಮೊಸಳೆ ಬಂದು ಕೂತಿತ್ತು. ಜನ ಮೊಬೈಲಿನಲ್ಲಿ ನೋಡಿ ನಕ್ಕರು. ನಗುವುದೇನಿದೆ ಅದರಲ್ಲಿ? ಆಗ ಮನುಷ್ಯರೂ ಮಾಳಿಗೆ ಹತ್ತಿ ಕೂತಿದ್ದರು. ಅಡುಗೆಮನೆಗೆ ಹಾವು ಬರುವುದೂ ಹಾಗೇ. ಬಡಿಗೆ ಬೇಡ, ಸೆಲ್ಫಿಯಂತೂ ಬೇಡವೇ ಬೇಡ. ದೂರ ನಿಲ್ಲಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಅಸ್ಸಾಂನ ಕಾಜಿರಂಗದಲ್ಲಿ ಬ್ರಹ್ಮಪುತ್ರ ಉಕ್ಕಿದಾಗ ಜಿಂಕೆ, ಆನೆ, ಘೇಂಡಾಮೃಗ ಎಲ್ಲ ಕಾರ್ಬಿ ಗುಡ್ಡದ ಕಡೆ ನಡೆಯುತ್ತವೆ. ನಡುವೆ ಹೆದ್ದಾರಿ. ಅಲ್ಲಿ ಗಾಡಿಗಳಿಗೆ ಸಮಯ ಬರೆದ ಚೀಟಿ ಕೊಡುತ್ತಾರೆ. ಅದಕ್ಕಿಂತ ಬೇಗ ಆಚೆ ತುದಿ ಮುಟ್ಟಿದರೆ ಜೋರಾಗಿ ಓಡಿಸಿದ್ದೀರಿ ಅಂತ ದಂಡ. ಅದೂ ಕಣ್ಣಿ ಬಿಚ್ಚಿದ ಹಾಗೇ ನೋಡಿ, ದಾರಿ ಬಿಟ್ಟರೆ ಸಾಕು.

ಪರಿಸರದ ಮಾತು ಉಳಿದೇ ಹೋಯಿತು, ಇನ್ನೊಮ್ಮೆ ಕರೆದರೆ ಬರುತ್ತೇನೆ. ನೀರು ಇಳಿದ ಮೇಲೆ ದನಕ್ಕೆ ಬೂಸಲು ಹಿಡಿದ ಮೇವು ಹಾಕಬೇಡಿ. ಜ್ವರ ಬಂದರೆ, ಗಂಟಲು ಬಾತರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಈಗ ರೇಡಿಯೋ ಹಾಗೇ ಇರಲಿ, ಎದ್ದು ಒಮ್ಮೆ ಕೊಟ್ಟಿಗೆಗೆ ಹೋಗಿ ಗಂಟು ನೋಡಿ ಬನ್ನಿ. ನಮಸ್ಕಾರ.