ಬ್ರೇಕ್ ಆಯಿಲ್ ಮಟ್ಟ ಸರಿ ಇದೆ, ಆದರೆ ಒಳಗಿರುವ ನೀರು?

[ಬಾನೆಟ್ ತೆರೆದಿದೆ. ಕ್ಯಾಮೆರಾ ಬ್ರೇಕ್ ಆಯಿಲ್ ಡಬ್ಬಿಯ ಹತ್ತಿರ]

ನಮಸ್ಕಾರ ಸ್ನೇಹಿತರೇ. ಈ ಡಬ್ಬಿ ನೋಡಿ. ಆಯಿಲ್ ಮ್ಯಾಕ್ಸ್ ಗೆರೆಯ ಹತ್ತಿರವೇ ಇದೆ. ಇಷ್ಟು ನೋಡಿ ಬಾನೆಟ್ ಮುಚ್ಚುವವರೇ ಜಾಸ್ತಿ, ಅಲ್ವಾ? ಆದರೆ ಈ ಆಯಿಲ್ ಹಳೆಯದಾಗಿದೆ ಅನ್ನೋದನ್ನು ಆ ಗೆರೆ ಹೇಳುವುದಿಲ್ಲ.

ಬಾಯಿಮಾತಿಗೆ ಆಯಿಲ್ ಅಂತೀವಿ, ನಿಜಕ್ಕೂ ಇದು ಎಣ್ಣೆ ಅಲ್ಲ. ಡಾಟ್ ಅಂದರೆ ಬ್ರೇಕ್ ದ್ರವದ ದರ್ಜೆ. ಡಾಟ್ 3, ಡಾಟ್ 4, ಡಾಟ್ 5.1 ಎಲ್ಲವೂ ಗ್ಲೈಕಾಲ್ ಜಾತಿಯ ದ್ರವಗಳು. ಇವುಗಳಿಗೆ ನೀರು ಹೀರುವ ಗುಣ ಇದೆ. ಚಕ್ರದ ಹತ್ತಿರದ ರಬ್ಬರ್ ಹೋಸ್ ಮೂಲಕವೂ ಗಾಳಿಯ ತೇವ ನಿಧಾನಕ್ಕೆ ಒಳಗೆ ಸೇರುತ್ತಲೇ ಇರುತ್ತದೆ. ಕಾರು ಸುಮ್ನೆ ನಿಂತಿದ್ದರೂ ಅಷ್ಟೇ.

[ಬಾಟಲಿಯ ಮೇಲಿನ ಅಂಕಿಗಳು]

ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಬೀಳುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ.

ಈಗ ಒಂದು ಉದ್ದನೆಯ ಇಳಿಜಾರು ನೆನೆಸಿಕೊಳ್ಳಿ. ಬ್ರೇಕ್ ಮೇಲೆ ಬ್ರೇಕ್ ಒತ್ತುತ್ತಾ ಇಳಿಯುತ್ತಿದ್ದೀರಿ. ಡಿಸ್ಕ್‌ನ ಬಿಸಿ, ಅದಕ್ಕೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ಗೆ ಹತ್ತಿ, ಒಳಗಿನ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ನಿಮ್ಮ ಕಾಲಿನ ಬಲ ಚಕ್ರಕ್ಕೆ ಮುಟ್ಟುತ್ತದೆ. ಆವಿ ಕುಗ್ಗಿಬಿಡುತ್ತದೆ. ಪೆಡಲ್ ತಳ ಮುಟ್ಟಿದರೂ ಕಾರು ನಿಲ್ಲುವುದಿಲ್ಲ! ನನಗೆ ಹೆಚ್ಚು ಭಯ ಆಗೋದು ಇದರ ನಂತರದ ಸಂಗತಿಗೆ. ಎಲ್ಲ ತಣ್ಣಗಾದರೆ ಗುಳ್ಳೆ ಮಾಯ, ಪೆಡಲ್ ಮತ್ತೆ ಗಟ್ಟಿ. ಗ್ಯಾರೇಜಿಗೆ ಒಯ್ದರೆ ತೊಂದರೆ ಕಾಣುವುದೇ ಇಲ್ಲ.

ಹಾಗಾಗಿ ಬಣ್ಣ ಚೆನ್ನಾಗಿದೆ ಅಂತ ಕಾಯಬೇಡಿ. ಬಹಳಷ್ಟು ಕಾರುಗಳಿಗೆ 2 ವರ್ಷಕ್ಕೊಮ್ಮೆ ಬದಲಿಸಬೇಕು. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಅವಧಿ, ಯಾವ ಡಾಟ್ ಎರಡೂ ಇರುತ್ತವೆ.

ಟಾಪ್ ಅಪ್ ಮಾಡುವವರಿಗೆ ಒಂದು ಮಾತು. ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಮಟ್ಟ ಬೇಗ ಇಳಿದರೆ ಮೊದಲು ಎಲ್ಲಿ ಸೋರುತ್ತಿದೆ ಹುಡುಕಿ.

[ಚಕ್ರ ಬಿಚ್ಚಿದೆ. ನಿಪ್ಪಲ್ ಹತ್ತಿರದಿಂದ]

ಬದಲಿಸುವ ಕೆಲಸಕ್ಕೆ ಇಬ್ಬರು ಬೇಕು. ಡಬ್ಬಿಯ ಹಳೆ ಆಯಿಲ್ ಸಿರಿಂಜ್‌ನಲ್ಲಿ ಎಳೆದು, ಸೀಲ್ ಒಡೆಯದ ಬಾಟಲಿಯಿಂದ ಹೊಸದು ತುಂಬಿ. ಸಾಮಾನ್ಯವಾಗಿ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಮ್ಯಾನ್ಯುಯಲ್ ಹೇಳಿದಂತೆ ಮಾಡಿ. ನಿಪ್ಪಲ್‌ಗೆ (ಚಕ್ರದ ಹತ್ತಿರ ಹಳೆ ಆಯಿಲ್ ಹೊರಬಿಡುವ ಸ್ಕ್ರೂ) ರಿಂಗ್ ಸ್ಪ್ಯಾನರ್ ಹಾಕಿ, ಇಲ್ಲದಿದ್ದರೆ ಮೂಲೆ ಸವೆಯುತ್ತದೆ. ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯೊಳಗೆ.

ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಲಿ. ನೀವು ನಿಪ್ಪಲ್ ಸಡಿಲಿಸಿ, ಆಯಿಲ್ ಬಂದ ಮೇಲೆ ಬಿಗಿ ಮಾಡಿ, ಆಮೇಲೆ ಅವರು ಕಾಲೆತ್ತಲಿ. ಮೊದಲೇ ಕಾಲೆತ್ತಿದರೆ ಏರ್ ಒಳಗೆ ಹೋಗುತ್ತದೆ. ಹಳೆ ಕಾರಾದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ಪೂರ್ತಿ ತಳಕ್ಕೆ ಒತ್ತಿದರೆ ಸಿಲಿಂಡರಿನಲ್ಲಿ ಬಳಸದ, ತುಕ್ಕು ಹಿಡಿದ ಜಾಗಕ್ಕೆ ಸೀಲ್ ಉಜ್ಜಿ ಹಾಳಾಗಬಹುದು. ಹೊಸ ಬಣ್ಣ ಬರುವವರೆಗೆ, ಗುಳ್ಳೆ ನಿಲ್ಲುವವರೆಗೆ ಮುಂದುವರಿಸಿ.

ಡಬ್ಬಿ ಮಾತ್ರ ಖಾಲಿ ಆಗಬಾರದು. ಐದಾರು ಸಲಕ್ಕೊಮ್ಮೆ ತುಂಬಿ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಯೂನಿಟ್‌ಗೆ ಏರ್ ಹೊಕ್ಕರೆ ಅದನ್ನು ತೆಗೆಯೋಕೆ ಬಹಳ ಕಾರುಗಳಿಗೆ ಗ್ಯಾರೇಜಿನ ಸ್ಕ್ಯಾನರ್ ಯಂತ್ರ ಬೇಕಾಗುತ್ತದೆ.

ಎಂಜಿನ್ ಆಯಿಲ್ ಒಂದು ಹನಿಯೂ ಬೇಡ, ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ. ಡಾಟ್ 5 ಸಿಲಿಕೋನ್, ಅದನ್ನು ಡಾಟ್ 3, 4, 5.1ರ ಜೊತೆ ಬೆರೆಸಬೇಡಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಿರಿ.

[ಡ್ರೈವರ್ ಸೀಟ್]

ಎಂಜಿನ್ ಸ್ಟಾರ್ಟ್ ಮಾಡಿ ಪೆಡಲ್ ಒತ್ತಿ ಹಿಡಿಯಿರಿ. ಮೆತ್ತಗಿದ್ದರೆ, ಅಥವಾ ನಿಧಾನಕ್ಕೆ ಕೆಳಗಿಳಿದರೆ, ಕಾರು ರಸ್ತೆಗೆ ತರಬೇಡಿ. ಗಟ್ಟಿ ನಿಂತರೆ ಖಾಲಿ ಜಾಗದಲ್ಲಿ ನಿಧಾನ ಓಡಿಸಿ ಬ್ರೇಕ್ ಹಾಕಿ ನೋಡಿ. ಆಮೇಲೆ ಒಂದು ಚೀಟಿಯಲ್ಲಿ ಇವತ್ತಿನ ತಾರೀಕು ಬರೆದು ಬಾನೆಟ್ ಒಳಗೆ ಅಂಟಿಸಿ.