ಗುಡುಗಿದ್ದು ಸಾಕು ಸಾಹೇಬರೇ, ಬರೆದು ಕೇಳಿ

ನಮಸ್ಕಾರ ಎಲ್ಲರಿಗೂ. ಇವತ್ತಿಗೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಹೋದ ವಾರದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ಓದಿದ ಮೇಲೆ ಅದನ್ನು ಪಕ್ಕಕ್ಕಿಟ್ಟೆ. ಕಾಮೆಂಟ್ ಹೀಗಿದೆ: "ಅಣ್ಣಾ, ನಮ್ಮ ಸಾಹೇಬ್ರು ಸದನದಾಗ ಹೆಂಗ ಗುಡುಗಿದ್ರು ನೋಡಿಲ್ಲೇನು? ನೀ ಏನ ಹಾಳಿ ಮ್ಯಾಲೆ ಬರದ ಪ್ರಶ್ನಿ ಹಿಡಕೊಂಡು ಕುಂತೀದಿ. ಅದನ್ನ ಯಾರು ಓದ್ತಾರ?"

ಇದಕ್ಕೆ ಲೈಕ್ ಮೇಲೆ ಲೈಕ್. ಹುಬ್ಬಳ್ಳಿಯವರು, ಗದಗಿನವರು, ರಾಣೆಬೆನ್ನೂರಿನವರು ಎಲ್ಲ ಸೇರಿ ಹೌದೌದು ಅಂದಿದ್ದಾರೆ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಯಾರು ಓದುತ್ತಾರೆ ಅಂತ ಕೇಳಿದಿರಲ್ಲ, ನಾನು ಓದುತ್ತೇನೆ. ವಿಧಾನಮಂಡಲದ ವೆಬ್‌ಸೈಟಿನಲ್ಲಿ ಪ್ರಶ್ನೆ, ಉತ್ತರ ಎರಡೂ ಸಿಗುತ್ತವೆ. ಪುಕ್ಕಟೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಕೆಳಗೆ ಮಂತ್ರಿಯ ಹೆಸರು. ಆ ಹೆಸರು ಇದೆಯಲ್ಲ, ಅದು ಬಹಳ ದೊಡ್ಡ ವಿಷಯ. ಭಾಷಣದ ಕೆಳಗೆ ಯಾರೂ ಸಹಿ ಹಾಕುವುದಿಲ್ಲ. ಉತ್ತರದ ಹೊಣೆ ಮಂತ್ರಿಯ ಮೇಲೆ ಇರುತ್ತದೆ. ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ. ಶಾಸಕರೇ, ಬರೆದು ಕೇಳಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸದನದಲ್ಲಿ ಎರಡು ಥರ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದಲ್ಲೇ ಉತ್ತರ. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನವು 20, ಚುಕ್ಕೆ ಇಲ್ಲದವು 230. ಟಿವಿಯಲ್ಲಿ ಕಾಣುವುದು ಆ 20ರಲ್ಲಿ ನಾಲ್ಕೋ ಐದೋ. ಉಳಿದ ಅಷ್ಟೂ ಉತ್ತರ ಕಾಗದದ ಮೇಲೆ ಬರುತ್ತದೆ. ಗಲಾಟೆಯಾಗಿ ಪ್ರಶ್ನೋತ್ತರ ವೇಳೆ ಹಾಳಾದರೂ ಬರುತ್ತದೆ. ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಅಂದರೆ ಸದನದ ಬಾವಿಗಿಳಿದು ಧರಣಿ ಮಾಡಿದರೂ ಬರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕೊರೊನಾ ಅಂತ ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಆಗಲೂ ಬರಹದ ಉತ್ತರ ನಿಲ್ಲಲಿಲ್ಲ. ಇನ್ನೇನು ಬೇಕು ಹೇಳಿ?

ಜಿಲ್ಲಾ ಕಚೇರಿಯಲ್ಲಿ ಕೆಲಸ ಮಾಡುವ ನಿಮ್ಮ ನೆಂಟರು ಯಾರಾದರೂ ಇದ್ದರೆ 'ಎಲ್‌ಎಕ್ಯೂ ಬಂದಿದೆ' ಅಂದರೆ ಏನಾಗುತ್ತದೆ ಅಂತ ಕೇಳಿ ನೋಡಿ. ಶಾಸಕರ ಪ್ರಶ್ನೆಗೆ ಅವರು ಎಲ್‌ಎಕ್ಯೂ ಅನ್ನುತ್ತಾರೆ. ಪರಿಷತ್ತಿನಿಂದ ಬಂದರೆ ಎಲ್‌ಸಿಕ್ಯೂ. ನಾನು, ನೀವು ಕೊಟ್ಟ ಅರ್ಜಿ ಫೈಲಿನಲ್ಲಿ ತಿಂಗಳುಗಟ್ಟಲೆ ಮಲಗಿರುತ್ತದೆ. ಎಲ್‌ಎಕ್ಯೂ ಬಂದ ದಿನ ಬೆಂಗಳೂರಿನಿಂದ ಜಿಲ್ಲೆಗೆ ಫೋನ್, ಜಿಲ್ಲೆಯಿಂದ ತಾಲೂಕಿಗೆ ಫೋನ್, ತಾಲೂಕಿನಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಫೋನ್. ಸಂಜೆಯೊಳಗೆ ಅಂಕಿ ಅಂಶ ಬೇಕು. ಎಷ್ಟು ಹುದ್ದೆ, ಎಷ್ಟು ಖಾಲಿ, ಎಷ್ಟು ದಿನದಿಂದ ಖಾಲಿ. ಭಾಷಣ ಕೇಳಿ ಯಾವ ಕಚೇರಿಯಲ್ಲಾದರೂ ಹೀಗೆ ಓಡಾಡಿದ್ದನ್ನು ನೋಡಿದ್ದೀರಾ?

ಭಾಷಣ ಗಿರ್ಮಿಟ್ ಇದ್ದ ಹಾಗೆ. ಕಲಸಿದ ಕೂಡಲೇ ತಿಂದರೆ ರುಚಿ. ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗಿ ಹೋಗುತ್ತದೆ. ಬರೆದ ಉತ್ತರ ಐದು ವರ್ಷದ ಮೇಲೂ ಹಾಗೇ ಇರುತ್ತದೆ. ಅದನ್ನು ಹಿಡಿದುಕೊಂಡು ಅಧಿಕಾರಿಯ ಮುಂದೆ ಹೋಗಬಹುದು, ಪೇಪರ್‌ನವರಿಗೆ ಕೊಡಬಹುದು, ವಕೀಲರ ಕೈಗೆ ಕೊಡಬಹುದು. ಮುಂದಿನ ಅಧಿವೇಶನದಲ್ಲಿ ಅದೇ ಶಾಸಕರು ಅದನ್ನೇ ತೆಗೆದು, 'ಹೋದ ಸಲ ಹೀಗಂದಿದ್ದಿರಿ, ಈಗೇನು?' ಅನ್ನಬಹುದು.

ಈಗ ಆರೋಗ್ಯದ ಮಾತಿಗೆ ಬರುತ್ತೇನೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಹುಬ್ಬಳ್ಳಿಯಲ್ಲಿ 1957ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಹಳಬರು ಕೆಎಂಸಿ ಅಂದರು, ಆಮೇಲೆ ಎಲ್ಲರ ಬಾಯಲ್ಲೂ ಕಿಮ್ಸ್ ಆಯಿತು. ಗದಗಿಗೂ ಮೆಡಿಕಲ್ ಕಾಲೇಜು ಬಂತು, ಹಾವೇರಿಗೂ ಬಂತು. ಒಳ್ಳೆಯದೇ. ಆದರೂ ತಾಲೂಕಿನಲ್ಲಿ ರಾತ್ರಿ ಹೆರಿಗೆ ಕಷ್ಟ ಆದರೆ ಬರುವ ಮಾತು ಯಾವುದು? 'ಇಲ್ಲಿ ಆಗೂದಿಲ್ಲ, ಹುಬ್ಬಳ್ಳಿಗೆ ಒಯ್ರಿ.' ನಮ್ಮ ಕಡೆ ಈ ಮಾತು ಕೇಳದ ಮನೆ ಯಾವುದಿದೆ?

ಯಾಕೆ ಆಗುವುದಿಲ್ಲ? ಇದನ್ನು ಸರಿಯಾಗಿ ಬರೆದು ಕೇಳಬೇಕು. ಕೇಳುವ ರೀತಿಯೂ ಇದೆ. 'ತಾಲೂಕು ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಅಂತ ಕೇಳಿದರೆ ಉತ್ತರ ಒಂದೇ ಪದ. 'ಬಂದಿದೆ.' ಮುಗಿಯಿತು. ಸರ್ಕಾರಕ್ಕೆ ಇಂಥ ಪ್ರಶ್ನೆ ಬಂದರೆ ಹಬ್ಬ. ಅದರ ಬದಲು ಹೀಗೆ ಕೇಳಿ. ಆಪರೇಷನ್‌ಗೆ ಮೊದಲು ಮತ್ತು ಕೊಡುವ ಅರಿವಳಿಕೆ ತಜ್ಞರ ಮಂಜೂರಾದ ಹುದ್ದೆ ಎಷ್ಟು? ಭರ್ತಿಯಾದದ್ದು ಎಷ್ಟು? ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆ ಕಡೆ ಹೋದವರು ಎಷ್ಟು ಜನ, ಯಾವ ತಾರೀಕಿನಿಂದ? ಅವರ ಜಾಗದಲ್ಲಿ ಯಾರು ಇದ್ದಾರೆ?

ಈ ನಿಯೋಜನೆ ಅನ್ನುವುದನ್ನು ಸ್ವಲ್ಪ ಗಮನಿಸಿ. ಡಾಕ್ಟರ್ ಸಂಬಳ ಇಲ್ಲಿಯ ಲೆಕ್ಕದಲ್ಲಿ, ಕೆಲಸ ಇನ್ನೊಂದು ಊರಿನಲ್ಲಿ. ಪುಸ್ತಕದಲ್ಲಿ ಹುದ್ದೆ ಭರ್ತಿ. ಹೆರಿಗೆ ಟೇಬಲ್ ಪಕ್ಕ ಯಾರೂ ಇಲ್ಲ. 'ಖಾಲಿ ಹುದ್ದೆ ಎಷ್ಟು' ಅಂತ ಮಾತ್ರ ಕೇಳಿದರೆ ಇದು ಯಾವ ಜನ್ಮಕ್ಕೂ ಹೊರಗೆ ಬರುವುದಿಲ್ಲ. ಡಯಾಲಿಸಿಸ್ ಮಷೀನ್ ಕಥೆಯೂ ಅದೇ. ಎಷ್ಟಿವೆ ಅಂದರೆ ಒಂದು ಸಂಖ್ಯೆ ಬರುತ್ತದೆ. ಹೋದ ತಿಂಗಳು ಎಷ್ಟು ಮಷೀನ್ ಎಷ್ಟು ದಿನ ಕೆಟ್ಟು ನಿಂತಿದ್ದವು, ಎಷ್ಟು ರೋಗಿಗಳನ್ನು ವಾಪಸ್ ಕಳಿಸಿದಿರಿ ಅಂದರೆ ಬೇರೆಯೇ ಉತ್ತರ ಬರುತ್ತದೆ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದಿದ್ದು 2008ರ ನವೆಂಬರ್ 1ಕ್ಕೆ. ಕರೆ ಮಾಡಿದ ಮೇಲೆ ಹಾನಗಲ್ಲಿನ ಹಳ್ಳಿಗೆ, ಮುಂಡರಗಿಯ ಹಳ್ಳಿಗೆ ಎಷ್ಟು ನಿಮಿಷಕ್ಕೆ ಬಂತು? ತಿಂಗಳವಾರು ಕೊಡಿ. ಇದನ್ನು ಮೈಕಿನಲ್ಲಿ ಕೂಗಿದರೆ ಚಪ್ಪಾಳೆ ಬೀಳುತ್ತದೆ, ಅಂಕಿ ಬರುವುದಿಲ್ಲ. ಬರೆದು ಕೇಳಿ!

'ಅಯ್ಯೋ, ಉತ್ತರ ಬಂದರೂ ಅದರಲ್ಲಿ ಏನಿರುತ್ತದೆ? ಪರಿಶೀಲನೆಯಲ್ಲಿದೆ, ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು, ಅಷ್ಟೇ ಅಲ್ವಾ?' ಅನ್ನುವವರು ಇದ್ದಾರೆ. ಇರುತ್ತದೆ. ನಾನೂ ಅದನ್ನು ಓದಿ ಓದಿ ಬೇಸತ್ತಿದ್ದೇನೆ. ಅದಕ್ಕೆ ಕೇಳುವುದನ್ನೇ ಬಿಡಬೇಕಾ? ಯಾವ ಹಂತ, ಮೊದಲ ಹಂತ ಯಾವ ತಾರೀಕಿಗೆ ಮುಗಿಯುತ್ತದೆ ಅಂತ ಮುಂದಿನ ಅಧಿವೇಶನದಲ್ಲಿ ಮತ್ತೆ ಬರೆದು ಕೇಳಬೇಕು. 'ಮಾಡುತ್ತೇವೆ' ಅಂತ ಸದನಕ್ಕೆ ಮಾತು ಕೊಟ್ಟರೆ ಅದನ್ನು ಬೆನ್ನು ಹತ್ತುವುದಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದು ಇದೆ. ಲೋಕಸಭೆಯಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಗಡುವು. ಸದನಕ್ಕೆ ಸುಳ್ಳು ಹೇಳಿದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ತಪ್ಪು. ಇಷ್ಟೆಲ್ಲ ಹತಾರ ಕೈಯಲ್ಲಿ ಇಟ್ಟುಕೊಂಡು, ಏನೂ ಆಗುವುದಿಲ್ಲ ಅಂತ ಕೂತರೆ ಅದು ಸೋಮಾರಿತನ. ಬೇರೆ ಹೆಸರಿಲ್ಲ ಅದಕ್ಕೆ.

ಈ ವಿಡಿಯೋ ಇಲ್ಲಿವರೆಗೆ ನೋಡಿದವರು ಸಬ್‌ಸ್ಕ್ರೈಬ್ ಮಾಡಿ. ನಾವು ಯಾವ ಪಕ್ಷದ ದುಡ್ಡೂ ಮುಟ್ಟುವುದಿಲ್ಲ, ನಿಮ್ಮಿಂದಲೇ ಈ ಚಾನೆಲ್ ನಡೆಯುತ್ತಿದೆ. ಬಸ್ಸಿನಲ್ಲಿ ಹೋಗುತ್ತಾ ಕೇಳುವವರಿಗೆ ಆಡಿಯೋ ಕೂಡ ಇದೆ.

ಬಸ್ ಅಂದೆ ನೋಡಿ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲೇ, 1997ರಿಂದ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳು ಟಿಕೆಟ್ ಇಲ್ಲದೆ ಓಡಾಡುತ್ತಿದ್ದಾರೆ, ನನಗೆ ಬಹಳ ಖುಷಿ. ಅದೇ ವರ್ಷ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳನ್ನು ಗುಜರಿಗೆ ಹಾಕಬೇಕು ಅಂತ ಕೇಂದ್ರದ ನಿಯಮವೂ ಬಂತು, ಸಾರಿಗೆ ನಿಗಮದ ಬಸ್ಸೂ ಅದರೊಳಗೆ ಬರುತ್ತವೆ. ಹತ್ತುವ ಜನ ಜಾಸ್ತಿ ಆದರು. ಹಾಗಾದರೆ ಡಿಪೋವಾರು ಲೆಕ್ಕ ಕೊಡಿ ಅಂತ ಕೇಳಬೇಕೋ ಬೇಡವೋ? ಎಷ್ಟು ಹಳೆ ಬಸ್ ಹೋದವು, ಎಷ್ಟು ಹೊಸ ಬಸ್ ಬಂದವು, ಯಾವ ಹಳ್ಳಿಯ ಬೆಳಗಿನ ಟ್ರಿಪ್ ಯಾವ ತಾರೀಕಿನಿಂದ ನಿಂತಿದೆ, ಡ್ರೈವರ್ ಹುದ್ದೆ ಎಷ್ಟು ಖಾಲಿ? ಕಾಲೇಜಿಗೆ ಹೋಗುವ ಮಕ್ಕಳು ಬಾಗಿಲಿಗೆ ಜೋತು ಬಿದ್ದಿರುತ್ತಾರೆ. ಶಾಸಕರು ಆ ಬಸ್ಸಿನ ಮುಂದೆ ನಿಂತು ಫೋಟೋ ತೆಗೆಸಿ, ಡಿಪೋ ಮ್ಯಾನೇಜರಿಗೆ ಫೋನಿನಲ್ಲಿ ಬೈದು, ಅದನ್ನು ರೀಲ್ಸ್ ಮಾಡಿ ಹಾಕುತ್ತಾರೆ. ಡಿಪೋ ಮ್ಯಾನೇಜರ್ ಬಸ್ ಎಲ್ಲಿಂದ ತರಬೇಕು? ಕೇಳಬೇಕಾದದ್ದು ಸಾರಿಗೆ ಮಂತ್ರಿಯನ್ನು. ಬರೆದು ಕೇಳಿ!

ರೈಲಿನ ಪ್ರಶ್ನೆ ಮಾತ್ರ ಬೇರೆ ಕಡೆ ಕೇಳಬೇಕು. ವಿಧಾನಸಭೆಯಲ್ಲಿ ಕೇಳಿದರೆ 'ಕೇಂದ್ರದ ವ್ಯಾಪ್ತಿ' ಅಂತ ಕೈ ತೊಳೆದುಕೊಳ್ಳುತ್ತಾರೆ. ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ ಅಡಿಗಲ್ಲು ಬಿದ್ದಿದ್ದು ವಾಜಪೇಯಿ ಕಾಲದಲ್ಲಿ. ಆಗ ಹುಟ್ಟಿದ ಹುಡುಗರು ಇವತ್ತು ಕೆಲಸಕ್ಕೆ ಹೋಗುತ್ತಿದ್ದಾರೆ. ಇದು ಸಂಸದರ ಕೆಲಸ, ಅವರೂ ಬರೆದು ಕೇಳಲಿ. ನಿಮ್ಮ ಸಂಸದರು ಯಾರು ಅಂತ ಮೊದಲು ಸರಿಯಾಗಿ ತಿಳಿದುಕೊಳ್ಳಿ. ನರಗುಂದ ಗದಗ ಜಿಲ್ಲೆಯಲ್ಲಿದೆ, ಆದರೆ ಬಾಗಲಕೋಟೆ ಲೋಕಸಭೆಗೆ ಸೇರಿದೆ. ಶಿಗ್ಗಾವಿ ಹಾವೇರಿ ಜಿಲ್ಲೆಯಲ್ಲಿದೆ, ಓಟು ಹಾಕುವುದು ಧಾರವಾಡದ ಸಂಸದರಿಗೆ. ಎಷ್ಟೋ ಜನ ತಪ್ಪು ಬಾಗಿಲು ಬಡಿಯುತ್ತಿದ್ದಾರೆ.

ರಸ್ತೆಯ ಮಾತು ಎತ್ತಿದರೆ ನನಗೆ ಸಂಕಟ ಆಗುತ್ತದೆ. 2021ರ ಜನವರಿಯಲ್ಲಿ ಧಾರವಾಡದ ಇಟಿಗಟ್ಟಿ ಹತ್ತಿರ ಬೈಪಾಸ್ ಮೇಲೆ ದಾವಣಗೆರೆಯ ಹೆಣ್ಣುಮಕ್ಕಳು ಸತ್ತರು. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲೂಕಿನಲ್ಲಿ ನಿಂತ ಲಾರಿಗೆ ಟೆಂಪೋ ಟ್ರಾವೆಲರ್ ಬಡಿದು 13 ಜನ ಹೋದರು. ಎರಡೂ ಸಲ ಎಲ್ಲ ಪಕ್ಷದವರೂ ಬಂದರು, ಕಣ್ಣೀರು ಹಾಕಿದರು, ಮೈಕಿನ ಮುಂದೆ ಮಾತಾಡಿದರು. ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲಿಸಿದ್ದಕ್ಕೆ ಎಷ್ಟು ಕೇಸು ಹಾಕಿದಿರಿ, ಲಾರಿ ನಿಲ್ಲಿಸಲು ಎಲ್ಲೆಲ್ಲಿ ಜಾಗ ಮಾಡಿದಿರಿ, ಮಾಡದಿದ್ದರೆ ಯಾವ ತಾರೀಕಿಗೆ ಮಾಡುತ್ತೀರಿ? ವರ್ಷಕ್ಕೆರಡು ಸಲ ಇದೇ ಪ್ರಶ್ನೆ ಬರೆದು ಹಾಕುತ್ತಲೇ ಇರಬೇಕು. ಕಣ್ಣೀರು ಯಾರಿಗೆ ಬೇಕು?

ಇನ್ನೊಬ್ಬ ಬುದ್ಧಿವಂತರು ಕೇಳಿದ್ದಾರೆ, 'ದುಡ್ಡು ತಗೊಂಡು ಪ್ರಶ್ನೆ ಕೇಳಿದವರು ಇದ್ದಾರಲ್ಲ?' ಇದ್ದರು. 2005ರ ಡಿಸೆಂಬರಿನಲ್ಲಿ ಅದಕ್ಕೇ 11 ಸಂಸದರನ್ನು ಸಂಸತ್ತಿನಿಂದ ಹೊರಗೆ ಹಾಕಿದರು. ಆದರೆ ಸ್ವಾಮಿ, ಬೆಲೆ ಇಲ್ಲದ ವಸ್ತುವಿಗೆ ಯಾರಾದರೂ ಲಂಚ ಕೊಡುತ್ತಾರಾ? 1957ರಲ್ಲಿ ಎಲ್ಐಸಿ ದುಡ್ಡನ್ನು ಮುಂದ್ರಾ ಅನ್ನುವ ವ್ಯಾಪಾರಿಯ ಕಂಪನಿಗಳಿಗೆ ಸುರಿದ ವಿಷಯ ಹೊರಬಿದ್ದಿದ್ದು ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಯಿಂದ. 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಯಾರ ಗುಡುಗಿಗೆ ಯಾವ ಮಂತ್ರಿ ಮನೆಗೆ ಹೋಗಿದ್ದಾರೆ, ಹೇಳಿ ನೋಡೋಣ.

ನ್ಯಾಯದ ವಿಷಯದಲ್ಲಿ ಹಿಂಜರಿಯುವವರು ಜಾಸ್ತಿ. 'ಕೋರ್ಟ್ ವಿಷಯ ಸದನದಲ್ಲಿ ಕೇಳಲು ಬರುವುದಿಲ್ಲ' ಅನ್ನುತ್ತಾರೆ. ನಡೆಯುತ್ತಿರುವ ಕೇಸಿನ ಬಗ್ಗೆ, ಜಡ್ಜ್ ನಡತೆಯ ಬಗ್ಗೆ ಕೇಳಲು ಬರುವುದಿಲ್ಲ, ಸರಿ. ಸರ್ಕಾರ ಮಾಡಬೇಕಾದ ಕೆಲಸ ಇದೆಯಲ್ಲ? ಸರ್ಕಾರಿ ವಕೀಲರ ಹುದ್ದೆ ಎಷ್ಟು ಖಾಲಿ? ಕೋರ್ಟ್ ಕಟ್ಟಡ ಯಾವ ತಾಲೂಕಿನಲ್ಲಿ ಅರ್ಧಕ್ಕೆ ನಿಂತಿದೆ? ಎಫ್ಎಸ್ಎಲ್, ಅಂದರೆ ಕೇಸಿನ ಸಾಕ್ಷ್ಯ ಪರೀಕ್ಷೆ ಮಾಡುವ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಎಷ್ಟು ತಿಂಗಳಿಗೆ ಕೈಗೆ ಬರುತ್ತಿದೆ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಅಂತ ಬರೆದಿದೆ. ಧಾರವಾಡ, ಗದಗ, ಹಾವೇರಿಯಲ್ಲಿ ವರ್ಷ ದಾಟಿದ ಪೋಕ್ಸೋ ಕೇಸು ಎಷ್ಟು, ಅದರಲ್ಲಿ ವರದಿ ಬಂದಿಲ್ಲ ಅಂತ ನಿಂತವು ಎಷ್ಟು? ಇದಕ್ಕೆ ಯಾವ ನಿಯಮ ಅಡ್ಡ ಬರುತ್ತದೆ?

ಧಾರವಾಡಕ್ಕೆ ಹೈಕೋರ್ಟ್ ಪೀಠ ಸುಮ್ನೆ ಬಂತಾ? ವಕೀಲರು, ಜನ ವರ್ಷಗಟ್ಟಲೆ ಹೋರಾಡಿ 2008ರಲ್ಲಿ ಸಂಚಾರಿ ಪೀಠ ತಂದರು, 2013ರಲ್ಲಿ ಅದು ಕಾಯಂ ಆಯಿತು. ಅಷ್ಟು ಹೋರಾಡಿದ ಊರಿನವರು ನಾವು, ಒಂದು ಹಾಳೆ ಪ್ರಶ್ನೆ ಬರೆಸಲು ಆಗುವುದಿಲ್ಲವಾ? 2023ರಲ್ಲಿ ಕಾನೂನು ಮಂತ್ರಿಯಾದ ಎಚ್.ಕೆ. ಪಾಟೀಲರೂ ಗದಗಿನವರೇ. ನಮ್ಮವರನ್ನು ಕೇಳುವುದು ಹೇಗೆ ಅಂತ ಸಂಕೋಚ ಪಡಬೇಡಿ. ನಮ್ಮವರನ್ನೇ ಮೊದಲು ಕೇಳಬೇಕು.

ಧಾರವಾಡ ಜಿಲ್ಲೆಯಲ್ಲಿ 7, ಗದಗದಲ್ಲಿ 4, ಹಾವೇರಿಯಲ್ಲಿ 6. ಒಟ್ಟು 17 ಶಾಸಕರು. ಮಂತ್ರಿಗಳಾದವರು ಉತ್ತರ ಕೊಡುವ ಕಡೆ ಕೂರುತ್ತಾರೆ, ಅವರನ್ನು ಬಿಡಿ. ಉಳಿದವರಿಗೆ ಹೇಳುತ್ತೇನೆ. ಆಡಳಿತ ಪಕ್ಷದವರಿಗೂ ಹೇಳುತ್ತೇನೆ, ವಿರೋಧ ಪಕ್ಷದವರಿಗೂ ಹೇಳುತ್ತೇನೆ. ಸುವರ್ಣಸೌಧ 2012ರಲ್ಲಿ ಕಟ್ಟಿದ್ದು ನಮ್ಮ ಕಡೆಯ ಮಾತು ಕೇಳಲಿ ಅಂತ. ಹುಬ್ಬಳ್ಳಿಯಿಂದ ಬೆಳಗಾವಿ ಏನು ದೂರ? ಅಲ್ಲಿಗೆ ಹೋಗಿ ಕೂಗಾಡಿ, ಧರಣಿ ಕೂತು, ಸಂಜೆ ವಾಪಸ್ ಬಂದು ಸನ್ಮಾನ ಮಾಡಿಸಿಕೊಳ್ಳಬೇಡಿ. ಬರೆದು ಕೇಳಿ! ನಿಮಗೆ ಬರೆಯಲು ಬೇಸರವಾದರೆ ನಿಮ್ಮ ಪಿಎ ಬರೆಯಲಿ. ಪಿಎಗೂ ಬರದಿದ್ದರೆ ನಮಗೆ ಹೇಳಿ, ನಾವು ಬರೆದು ಕೊಡುತ್ತೇವೆ. ಸಹಿ ಹಾಕಲಾದರೂ ಬರುತ್ತದೆ ಅಲ್ವಾ?

ನೋಡುತ್ತಿರುವವರಿಗೂ ಒಂದು ಕೆಲಸ ಇದೆ. ಮುಂದಿನ ಸಲ ಮದುವೆಯಲ್ಲೋ ಜಾತ್ರೆಯಲ್ಲೋ ನಿಮ್ಮ ಶಾಸಕರು ಸಿಕ್ಕಾಗ ಸೆಲ್ಫಿ ಕೇಳಬೇಡಿ. 'ಹೋದ ಅಧಿವೇಶನದಾಗ ಎಷ್ಟು ಪ್ರಶ್ನೆ ಬರೆದು ಕೊಟ್ರಿ ಸಾಹೇಬ್ರ?' ಅಂತ ಕೇಳಿ. ಎಲ್ಲರ ಮುಂದೆ ಕೇಳಿ. ಅವರು ಏನು ಹೇಳಿದರು ಅಂತ ಕಾಮೆಂಟಿನಲ್ಲಿ ಹಾಕಿ. ಪ್ರಶ್ನೋತ್ತರವನ್ನು ವೆಬ್‌ಸೈಟಿನಲ್ಲಿ ಹುಡುಕುವುದು ಹೇಗೆ ಅಂತ ಮುಂದಿನ ವಾರ ಸ್ಕ್ರೀನ್ ತೋರಿಸಿಯೇ ಹೇಳಿಕೊಡುತ್ತೇನೆ, ಬೆಲ್ ಒತ್ತಿ ಇಟ್ಟುಕೊಳ್ಳಿ. ಆ ಕಾಮೆಂಟ್ ಹಾಕಿದ ತಮ್ಮ, ನೀನೂ ನೋಡಬೇಕು. ನಿನ್ನ ಸಾಹೇಬರ ಕ್ಷೇತ್ರದಿಂದಲೇ ಶುರು ಮಾಡುತ್ತೇನೆ.